ಏಳನೆಯ ಮನೆ ಮಾವನದಲ್ಲ

ಅಂದಾನೆಪ್ಪನನ್ನು ತರಬೇತಿಗೆ ಕಳಿಸಬೇಡಿ ಎಂದು ನಾನು ಪ್ರಾಚಾರ್ಯರಿಗೆ ಮೊದಲೇ ಹೇಳಿದ್ದೆ. ಕೆಲವರಿಗೆ ಊಟ ಹೆಚ್ಚಾದರೆ ಅಜೀರ್ಣವಾಗುತ್ತದೆ, ಅವನಿಗೆ ವಿಚಾರ ಹೆಚ್ಚಾದರೆ ಆಗುತ್ತದೆ. ನನ್ನ ಮಾತು ಕೇಳುವವರು ಯಾರು? ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರಕ್ಕೆ ಅವನೊಬ್ಬನೇ ಮೇಷ್ಟ್ರು, ಕನ್ನಡಕ್ಕೆ ನಾನೊಬ್ಬನೇ. ಸ್ಟಾಫ್ ರೂಮಿನಲ್ಲಿ ಇಬ್ಬರಿಗೂ ಸೇರಿ ಒಂದೇ ಟೇಬಲ್ಲು, ಒಂದೇ ಫ್ಯಾನು. ಹೀಗಾಗಿ ಅವನ ಅಜೀರ್ಣದ ತೇಗು ಮೊದಲು ಬರುವುದು ನನ್ನ ಮುಖಕ್ಕೇ.

ಧಾರವಾಡದ ತರಬೇತಿ ಮುಗಿಸಿ ಬಂದವನು ಹೆಗಲ ಚೀಲ ಇಳಿಸುವ ಮೊದಲೇ ಶುರು ಮಾಡಿದ.

"ಸರ್, ಇಷ್ಟ ದಿನ ನಾವು ಹುಡುಗೂರಿಗೆ ಸುಳ್ಳ ಲೆಕ್ಕ ಕಲಿಸೇವ್ರಿ. ಯಾವುದೋ ಊರಾಗ ಯಾರೋ ಮಂದಿ ಎತ್ತರ ಅಳದ್ರು ಅಂತ ಬೋರ್ಡ ಮ್ಯಾಲ ಬರದ್ರ ಯಾರ ತಲ್ಯಾಗ ಹೋಗತೈತ್ರಿ? ಖರೇ ಊರಿಗೆ ಹೋಗಬೇಕು. ಆ ಊರಿಗೊಂದು ಸೇವಾ ಮಾಡಬೇಕು. ಸೇವಾ ಮಾಡಕೋತ ಸಂಖ್ಯಾಶಾಸ್ತ್ರ ಕಲೀಬೇಕು!"

"ಆ ಊರವರು ಏನ ಪಾಪ ಮಾಡ್ಯಾರೋ ಮಾರಾಯಾ?" ಎಂದೆ.

ಅವನಿಗೆ ಅದು ಕೇಳಿಸಲಿಲ್ಲ. ಊರನ್ನೂ ಅವನು ಆಗಲೇ ಆರಿಸಿಬಿಟ್ಟಿದ್ದ. ದೊಡವಾಡದ ಕಡೆ ಒಂದು ಹಳ್ಳಿ. ಹೆಸರು ಹೇಳುವುದಿಲ್ಲ, ನನ್ನನ್ನು ಅಲ್ಲಿ ಈಗಲೂ ಊಟಕ್ಕೆ ಕರೆಯುತ್ತಾರೆ. ಅದು ಅವನ ಹೆಂಡತಿ ಶೈಲಜಾಳ ತವರೂರು. ಬಾಣಂತನಕ್ಕೆ ಹೋದ ಶೈಲಜಾ ಐದು ತಿಂಗಳಿಂದ ಅಲ್ಲಿಯೇ ಇದ್ದಳು. ಚೊಚ್ಚಲ ಕೂಸು, ಹೆಣ್ಣು. ಇಲ್ಲಿ ಅಂದಾನೆಪ್ಪ ಖಾನಾವಳಿಯ ರೊಟ್ಟಿ ಅಗಿಯುತ್ತ, ಬಂದವರಿಗೆಲ್ಲ ಮೊಬೈಲಿನಲ್ಲಿ ಕೂಸಿನ ಫೋಟೋ ತೋರಿಸುತ್ತ ದಿನ ನೂಕುತ್ತಿದ್ದ. ಬರುವ ಸೋಮವಾರ ಮಗಳು-ಮೊಮ್ಮಗಳನ್ನು ತೊಟ್ಟಿಲ ಸಮೇತ ಕಳಿಸಿಕೊಡುತ್ತೇನೆಂದು ಮಾವ ಸಂಗಪ್ಪ ಮಾತು ಕೊಟ್ಟಿದ್ದ. ಅದಕ್ಕಾಗಿ ಅಂದಾನೆಪ್ಪ ಬಾಡಿಗೆ ಮನೆಗೆ ತಾನೇ ಸುಣ್ಣ ಬಳಿದಿದ್ದ. ಗೋಡೆಗಿಂತ ಹೆಚ್ಚು ಅವನ ತಲೆಗೂದಲಿಗೆ ಹತ್ತಿತ್ತು. ಆದರೂ ಅವನ ಖುಷಿ ನೋಡಿ ನನಗೂ ಖುಷಿಯಾಗಿತ್ತು ಎನ್ನುವುದನ್ನು ಮುಚ್ಚಿಡುವುದಿಲ್ಲ.

ಸೇವೆ ಏನಪ್ಪಾ ಅಂದರೆ ನಲ್ಲಿ ನೀರು. ಆ ಊರಲ್ಲಿ ನೀರು ತನಗೆ ತಿಳಿದಾಗ ಬರುತ್ತಿತ್ತು. ಹೆಣ್ಣುಮಕ್ಕಳು ಹೊಲ ಬಿಟ್ಟು, ಒಲೆ ಬಿಟ್ಟು ಕೊಡ ಇಟ್ಟುಕೊಂಡು ಕಾಯಬೇಕು. "ಊರವರು ಇಂಥಾ ವೇಳೆಕ್ಕ ಬೇಕು ಅಂತ ಒಂದ ಮಾತ ಹೇಳ್ಲಿ, ಅದ ವೇಳೆಕ್ಕ ಬಿಡಸ್ತೇನಿ. ಒಬ್ಬೊಬ್ಬರು ಒಂದೊಂದ ಹೇಳಿದ್ರ ನಾ ಏನ ಮಾಡ್ಲಿ?" ಎಂದು ಪಂಚಾಯಿತಿ ಅಧಿಕಾರಿ ಕೈ ಝಾಡಿಸಿದ್ದರು. ಆ ಒಂದು ಮಾತನ್ನು ಹುಡುಕಿ ಕೊಡುವುದೇ ನಮ್ಮ ಹುಡುಗರ ಕೆಲಸ. ಇಷ್ಟರ ಮಟ್ಟಿಗೆ ವಿಚಾರ ಚೆನ್ನಾಗಿಯೇ ಇತ್ತು.

ಊರಿಗೆ ಹೊರಡುವ ಹಿಂದಿನ ದಿನ ತರಗತಿಯಲ್ಲಿ ಅವನು ಮಾಡಿದ ಭಾಷಣ ಪಕ್ಕದ ಕೋಣೆಯಲ್ಲಿ ಷಟ್ಪದಿ ಹೇಳುತ್ತಿದ್ದ ನನಗೂ ಕೇಳುತ್ತಿತ್ತು. ಎಲ್ಲ ಮನೆ ಕೇಳುವ ಕಾರಣವಿಲ್ಲ. ಚೀಟಿ ಎತ್ತಿ ಮೊದಲ ಮನೆ ಗೊತ್ತು ಮಾಡುವುದು, ಅಲ್ಲಿಂದ ಪ್ರತಿ ಏಳನೆಯ ಮನೆ. "ಗುರುತಿನವರ ಮನಿ ಅಂತ ಹೊಕ್ಕೀರಿ, ಚಾ ಛೊಲೊ ಮಾಡ್ತಾರ ಅಂತ ಹೊಕ್ಕೀರಿ, ಲೆಕ್ಕ ಕೆಟ್ಟ ಹೋತು! ದೇವರ ಮನಿ ಆರನೇದ್ದಿದ್ರ ದೇವರ್ನೂ ಬಿಡಬೇಕು!" ಎಂದು ಮೇಜು ಗುದ್ದಿದ. ಮುಂದಿನ ಬೆಂಚಿನ ಮಂಜುಳಾ ಎಂಬ ಹುಡುಗಿ ಇದನ್ನು ಒಂದಕ್ಷರ ಬಿಡದೆ ಮನಸ್ಸಿಗೆ ತೆಗೆದುಕೊಂಡಳು. ವಿದ್ಯಾರ್ಥಿಗಳು ನಮ್ಮ ಮಾತನ್ನು ಕೇಳುವುದಿಲ್ಲವೆಂದು ನಾವು ಗೊಣಗುತ್ತೇವಲ್ಲ, ಕೇಳಿದರೆ ಏನಾಗುತ್ತದೆ ಎಂದು ಆಗ ಗೊತ್ತಿರಲಿಲ್ಲ.

ಗುರುವಾರ ಮುಂಜಾನೆ ಹೋದೆವು. ಹುಡುಗರನ್ನು ಕಾಯಲು ಒಬ್ಬರು ಹಿರಿಯರು ಬೇಕೆಂದು ನನ್ನನ್ನೂ ಎಳೆದೊಯ್ದಿದ್ದ. "ಅತ್ತಿ ಹೋಳಿಗಿ ಮಾಡ್ಯಾಳಂತರಿ ಸರ್" ಎಂದು ಅವನು ಹೇಳಿದ್ದರಿಂದ ನಾನೂ ಹೆಚ್ಚು ಎಳೆಸಿಕೊಳ್ಳಲಿಲ್ಲ.

ಓಣಿಯಲ್ಲಿ ಮಂಜುಳಾ ಮುಂದೆ, ಬೆರಳು ಮಡಚಿ ಮನೆ ಎಣಿಸುತ್ತ. ಅವಳ ಹಿಂದೆ ಹುಡುಗರು, ಅವರ ಹಿಂದೆ ಅಂದಾನೆಪ್ಪ, ಕೊನೆಗೆ ನಾನು. ದೂರದಲ್ಲಿ ಸಂಗಪ್ಪನ ಮನೆ ಕಂಡಿತು. ಬಾಗಿಲಿಗೆ ಸಗಣಿ ಸಾರಿಸಿ ದೊಡ್ಡ ರಂಗೋಲಿ. ಕಟ್ಟೆಯ ಮೇಲೆ ಕಂಬಳಿ ಹಾಸಿ, ಹೊಸ ರುಮಾಲು ಸುತ್ತಿ ಸಂಗಪ್ಪ ಕುಳಿತಿದ್ದ. ನನ್ನ ಅಳಿಯ ಕಾಲೇಜನ್ನೇ ಕರೆದುಕೊಂಡು ಬರುತ್ತಾನೆ ಎಂದು ಊರಿಗೆಲ್ಲ ಸಾರಿದ್ದನಂತೆ. ಅತ್ತೆ ಕೆಂಚವ್ವ ಹೊಸ್ತಿಲಲ್ಲಿ ತಂಬಿಗೆ ನೀರು ಹಿಡಿದು ನಿಂತಿದ್ದಳು. ಅವಳ ಹಿಂದೆ ಬಾಗಿಲ ಕತ್ತಲಲ್ಲಿ ಕೂಸು ಎತ್ತಿಕೊಂಡ ಶೈಲಜಾ. ಹೂರಣದ ವಾಸನೆ ನನ್ನ ಮೂಗಿಗೆ ಬಡಿಯಿತು.

"ಐದು... ಆರು... ಏಳು. ಇದರೀ ಸರ್" ಎಂದು ಮಂಜುಳಾ ನಿಂತಳು.

ಅವಳು ನಿಂತದ್ದು ಸಂಗಪ್ಪನ ಮನೆಯ ಮುಂದಲ್ಲ, ಅದಕ್ಕಿಂತ ಒಂದು ಮನೆ ಈಚೆ. ಅದು ಕಾಡಪ್ಪನ ಮನೆ. ಕಾಡಪ್ಪನಿಗೂ ಸಂಗಪ್ಪನಿಗೂ ಹೊಲದ ಬದುವಿನ ಸಲುವಾಗಿ ಮಾತು ಬಿಟ್ಟು ಎಷ್ಟು ವರ್ಷವಾಯಿತೆಂದು ಅವರಿಗೇ ನೆನಪಿಲ್ಲ. ಒಬ್ಬರ ಮನೆಯ ಕೋಳಿ ಇನ್ನೊಬ್ಬರ ಅಂಗಳಕ್ಕೆ ಹೋದರೆ ಅದನ್ನು ತಿರುಗಿ ಕರೆಯುವವರಿಲ್ಲ.

ಅಂದಾನೆಪ್ಪನ ಮುಖ ಬೆವರಿತು. "ಮಂಜುಳಾ, ಇನ್ನೊಮ್ಮೆ ಎಣಸವಾ."

"ಎರಡ ಸಲ ಎಣಸೇನ್ರಿ ಸರ್. ಇದ ಏಳನೇದು."

"ಅಲ್ಲಾ, ಆ ದನದ ಕೊಟಗಿ ಒಂದ ಮನಿ ಅಂತ ಹಿಡದೀಯೇನ ಮತ್ತ?"

"ಅದರಾಗ ಒಲಿ ಇಲ್ರಿ, ಅದಕ್ಕ ಬಿಟ್ಟೇನ್ರಿ. ಸರ್, ನೀವ ಹೇಳೀರಲ್ರಿ, ದೇವರ ಮನಿ ಆರನೇದ್ದಿದ್ರೂ..."

ಇಪ್ಪತ್ತು ಜನ ಹುಡುಗರು ಗುರುವಿನ ಮುಖ ನೋಡುತ್ತ ನಿಂತರು. ಒಂದು ಕಡೆ ಶಾಸ್ತ್ರ, ಇನ್ನೊಂದು ಕಡೆ ಹೋಳಿಗೆ. ಬುದ್ಧಿಯಿದ್ದ ಯಾವ ಅಳಿಯನೂ ಅಲ್ಲಿ ತಲೆ ತಿರುಗಿದಂತೆ ಮಾಡಿ ಮಾವನ ಕಟ್ಟೆಯ ಮೇಲೆ ಬಿದ್ದುಬಿಡುತ್ತಿದ್ದ. ಅಂದಾನೆಪ್ಪ ಎದೆ ಉಬ್ಬಿಸಿ ಕಾಡಪ್ಪನ ಮನೆ ಹೊಕ್ಕ.

ಕಾಡಪ್ಪನಿಗೆ ತನ್ನ ಭಾಗ್ಯವನ್ನು ನಂಬಲಾಗಲಿಲ್ಲ. ವೈರಿಯ ಅಳಿಯ ತಾನಾಗಿ ಮನೆಗೆ ಬಂದಿದ್ದಾನೆ! ಕುರ್ಚಿ ಹೊರಗೆ ತಂದು, ಓಣಿಗೆಲ್ಲ ಕಾಣುವಂತೆ ಹಾಕಿಸಿದ. "ಸೂಸಲಾ ತರ್ರಿ! ಮಿರ್ಚಿ ಕರೀರಿ! ಅಳ್ಯಾರ ಬಂದಾರ!" ಎಂದು ಕೂಗಿದ. ಬೇಡವೆಂದರೆ ಆ ಮನೆಗೆ ಅಪಮಾನ, ತಿಂದರೆ ಪಕ್ಕದ ಮನೆಗೆ. ಅಂದಾನೆಪ್ಪ ತಲೆ ತಗ್ಗಿಸಿ ತಿಂದ. ನಾನೂ ತಿಂದೆ, ಮಿರ್ಚಿ ಚೆನ್ನಾಗಿತ್ತು.

ಆಮೇಲೆ ಮಂಜುಳಾ ಎಣಿಕೆ ಮುಂದುವರಿಸಿದಳು. "ಒಂದು" ಎಂದು ಸಂಗಪ್ಪನ ಮನೆಗೆ ಬೆರಳು ತೋರಿಸಿ ಮುಂದೆ ನಡೆದಳು. ಅಂದಾನೆಪ್ಪ ಕಟ್ಟೆಯ ಮುಂದೆ ಕೈ ಮುಗಿದು, "ಮಾವಾರ, ನಿಮ್ಮ ಮನಿ ಇದರಾಗ ಬರಂಗಿಲ್ರಿ, ಆಮ್ಯಾಲ ಬರತೇನ್ರಿ" ಎಂದು ಹೇಳಿ ದಾಟಿಯೇಬಿಟ್ಟ. ಸಂಗಪ್ಪ ಕೂತಲ್ಲೇ ಕೂತ. ಕೆಂಚವ್ವ ತಂಬಿಗೆಯ ನೀರನ್ನು ರಂಗೋಲಿಯ ಮೇಲೆ ಸುರಿದು ಒಳಗೆ ಹೋದಳು.

ಆಮೇಲೆ ನಾವು ಬಂದಾಗ ಬಾಗಿಲು ಹಾಕಿತ್ತು. ಹೋಳಿಗೆ ಒಳಗೇ ಉಳಿಯಿತು.

ಇದರ ಗಂಭೀರತೆ ಓದುವವರಿಗೆ ತಿಳಿಯಬೇಕು. ನಮ್ಮ ಕಡೆ ಮದುವೆ-ಮುಂಜಿಗೆ ಓಣಿ ಹಿಡಿದು ಮನೆಮನೆಗೆ ಹೇಳಿಕೆ ಕೊಡುತ್ತ ಹೋಗುವಾಗ ಒಂದು ಮನೆಯನ್ನು ದಾಟಿದರೆ, ಆ ಮನೆಯ ಜೊತೆ ಸಂಬಂಧ ಹರಿಯಿತು ಎಂದೇ ಲೆಕ್ಕ. ಬಾಯಿಂದ ಬೈದರೆ ಮರೆಯುತ್ತಾರೆ, ಬಾಗಿಲು ದಾಟಿದರೆ ಮರೆಯುವುದಿಲ್ಲ. ಅಂದಾನೆಪ್ಪ ಒಂದೇ ಮುಂಜಾನೆಯಲ್ಲಿ ಪ್ರತಿ ಏಳರಲ್ಲಿ ಆರು ಮನೆ ದಾಟಿದ್ದ. ಸಂಜೆಯ ಹೊತ್ತಿಗೆ ಊರಿನ ಬಹುಪಾಲು ಅವನ ಮೇಲೆ ಸಿಟ್ಟಾಗಿತ್ತು. ಕೇಳದ ಮನೆಗಳ ನಲ್ಲಿ ಕಿತ್ತುಹಾಕುತ್ತಾರಂತೆ ಎಂಬ ಸುದ್ದಿಯೂ ಹುಟ್ಟಿತು. ಪಂಚಾಯಿತಿ ಅಧಿಕಾರಿ ಫೋನ್ ಮಾಡಿ, "ಏನ್ರೀ ಸರ್, ಊರಿಗೆ ನೀರ ಬಿಡ್ರಿ ಅಂದ್ರ ಬೆಂಕಿ ಬಿಟ್ಟೀರಲ್ರಿ!" ಎಂದರು.

ಅದರ ಹಿಂದೆಯೇ ಸಂಗಪ್ಪನ ಫೋನು. ಅಂದಾನೆಪ್ಪ ಸ್ಪೀಕರ್ ಹಾಕಿದ್ದ.

"ಅಳ್ಯಾರ, ನಮ್ಮ ಮನಿ ನಿಮ್ಮ ಲೆಕ್ಕದಾಗ ಬರಂಗಿಲ್ಲ ಅಂದ್ರಿ. ಆತು, ಒಪ್ಪಿದ್ನಿ. ಆ ಮನ್ಯಾನ ಹುಡುಗೀನೂ ಬರಂಗಿಲ್ಲ. ಸೋಮವಾರ ನೀವ ಗಾಡಿ ತರೂದು ಬ್ಯಾಡ."

"ಮಾವಾರ, ಅದು ಸ್ಯಾಂಪಲ್ರೀ..." ಎನ್ನುವಷ್ಟರಲ್ಲಿ ಫೋನು ಕಟ್ಟಾಯಿತು. ಅಂದಾನೆಪ್ಪ ಕುರ್ಚಿಯಲ್ಲಿ ಕುಸಿದ. "ಸರ್, ಕೂಸು ನನ್ನ ಗುರ್ತಾ ಹಿಡಿಯೂದ ಕಲಿಬೇಕಾಗಿತ್ರಿ ಈಗ" ಎಂದ. ನನಗೆ ಬೈಯಬೇಕೆನ್ನಿಸಿತ್ತು, ಆದರೆ ಅವನ ಮುಖ ನೋಡಿ ಚಹಾ ತರಿಸಿದೆ.

ಶನಿವಾರ ರಾಜಿ ಪಂಚಾಯಿತಿ. ನೇಸರಗಿಯಿಂದ ಅಂದಾನೆಪ್ಪನ ಸೋದರಮಾವ ಉಳವಪ್ಪ ಬಂದ. ಸುತ್ತಲಿನ ಊರುಗಳಲ್ಲಿ ಮುರಿದ ಸಂಬಂಧ ಕೂಡಿಸುವುದರಲ್ಲಿ ಅವನದು ಎತ್ತಿದ ಕೈ. ಕೂಡಿಸಿದ್ದಕ್ಕಿಂತ ಊಟ ಮಾಡಿದ್ದೇ ಹೆಚ್ಚು ಎನ್ನುವವರೂ ಇದ್ದಾರೆ. ಸಂಗಪ್ಪನ ಪಡಸಾಲೆಯಲ್ಲಿ ಎಲ್ಲರೂ ಕುಳಿತೆವು. ಕೆಂಚವ್ವ ಬಾಗಿಲ ಮರೆಯಲ್ಲಿದ್ದಳು. ಚಹಾ ಬಂತು, ಅಳಿಯನ ಕಪ್ಪಿನಲ್ಲಿ ಸಕ್ಕರೆ ಇರಲಿಲ್ಲವೆಂದು ಅವನು ಕುಡಿದ ರೀತಿಯಲ್ಲೇ ಗೊತ್ತಾಯಿತು.

"ಹೇಳೋ ತಮ್ಮಾ, ಮಾವನ ಮನಿ ಯಾಕ ದಾಟಿದಿ?" ಎಂದು ಉಳವಪ್ಪ ಕೇಳಿದ.

ನಾನು ದಾರಿಯಲ್ಲಿ ನೂರು ಸಲ ಹೇಳಿಕೊಟ್ಟಿದ್ದೆ: ತಪ್ಪಾತ್ರಿ ಅನ್ನು, ಕಾಲಿಗೆ ಬೀಳು, ಬಾಯಿ ಮುಚ್ಚು. ಇವನು ಮೇಷ್ಟ್ರಲ್ಲವೇ, ವಿವರಿಸಲು ಹೊರಟ.

"ನೋಡ್ರಿ, ಗಡಿಗ್ಯಾಗ ಅನ್ನ ಬೆಂದೈತೋ ಇಲ್ಲೋ ಅಂತ ಎಲ್ಲಾ ಅಗಳ ಹಿಚುಕಿ ನೋಡ್ತೇವೇನ್ರಿ? ಒಂದ ಅಗಳ ಹಿಚುಕಿದ್ರ ಸಾಕಲ್ರಿ. ಇದೂ ಹಂಗರೀ."

ಉದಾಹರಣೆ ನಾಟಿತೆಂದು ಅಂದಾನೆಪ್ಪ ನನ್ನ ಕಡೆ ನೋಡಿ ಮುಗುಳ್ನಕ್ಕ.

"ಅಂದ್ರ ಆ ಕಾಡ್ಯಾ ಬೆಂದ ಅಗಳು," ಎಂದ ಸಂಗಪ್ಪ ನಿಧಾನವಾಗಿ. "ನಾ ಬೇಯದ ಹಳಕ ಅಗಳು."

"ಹಂಗಲ್ರಿ ಮಾವಾರ! ನೀವೂ ಅದ ಗಡಿಗ್ಯಾಗ..."

"ಅಂವನ ಗಡಿಗ್ಯಾಗ ನನ್ನ ಹಾಕ್ಯಾನ ನೋಡ್ರಿ ಉಳವಪ್ಪಾರ! ನಮ್ಮ ಮನಿತನಾ ಏನು, ಆ ಬದು ಕೊರಿಯಾಂವನ ಮನಿತನಾ ಏನು!"

ಬಾಗಿಲ ಮರೆಯಿಂದ ಕೆಂಚವ್ವನ ದನಿ ಬಂತು. "ಎರಡ ಸೇರ ಬ್ಯಾಳಿ ಕುದಿಸಿ ಹೂರಣ ರುಬ್ಬೀನ್ರಿ. ಅಗಳ ಹಿಚುಕಾಕ ಬಂದಾರಂತ ಇವರು."

ಉಳವಪ್ಪ ಎರಡೂ ಕೈ ಎತ್ತಿದ. ಕಣ್ಣು ಮುಚ್ಚಿ, ಬಹಳ ಹೊತ್ತು ತೂಗಿ ನೋಡಿದಂತೆ ಮಾಡಿ ತೀರ್ಪು ಹೇಳಿದ. ಅಂದಾನೆಪ್ಪ ನಾಳೆ ಭಾನುವಾರ ಈ ಊರಿನ ಒಂದೂ ಬಾಗಿಲು ಬಿಡದೆ ಹೋಗಿ ಕೇಳಬೇಕು. ಮೊದಲ ಮನೆ ಸಂಗಪ್ಪನದು. ಹಾಗೆ ಮಾಡಿದರೆ ಸೋಮವಾರ ಮಗಳನ್ನು ಕಳಿಸಬೇಕು. ಸಂಗಪ್ಪ ಗಂಟಲು ಸರಿಮಾಡಿಕೊಂಡು "ಹೂಂ" ಎಂದ. ಉಳವಪ್ಪ ಊಟದ ವಿಷಯಕ್ಕೆ ಬಂದ.

ಹೊರಗೆ ಬಂದ ಮೇಲೆ ಅಂದಾನೆಪ್ಪ ಗೋಡೆ ಹಿಡಿದು ನಿಂತ. "ಸರ್, ಎಲ್ಲಾ ಮನೀನೂ ಕೇಳಿದ್ರ ಅದು ಸ್ಯಾಂಪಲ್ ಅಲ್ರಿ. ನನ್ನ ಪಾಠಾನ ಬಿದ್ದ ಹೋತ್ರಿ."

"ಪಾಠ ಬೇಕೋ ಹೆಂಡ್ತಿ ಬೇಕೋ?" ಎಂದೆ.

ಅವನು ಸ್ವಲ್ಪ ಹೊತ್ತು ಯೋಚಿಸಿದ. ಯೋಚಿಸಿದನಲ್ಲ ಎಂದೇ ನನಗೆ ಸಿಟ್ಟು ಬಂತು.

ಭಾನುವಾರ ಮತ್ತೆ ಅದೇ ದಂಡು. ಹುಡುಗರು ಬಾರದೆ ಇದ್ದಾರು ಎಂದುಕೊಂಡಿದ್ದೆ, ಒಬ್ಬನೂ ತಪ್ಪಿಸಿರಲಿಲ್ಲ. ಸಂಖ್ಯಾಶಾಸ್ತ್ರದ ತರಗತಿಗೆ ಹೀಗೆ ಹಾಜರಿ ಬಿದ್ದದ್ದು ನಮ್ಮ ಕಾಲೇಜಿನಲ್ಲಿ ಅದೇ ಮೊದಲು. ಮೇಷ್ಟ್ರ ಸಂಸಾರ ಏನಾಗುತ್ತದೆಂದು ನೋಡುವ ಆಸೆ ಇರಬೇಕು.

ಸಂಗಪ್ಪ ಕಂಬಳಿ ಹಾಸಿ, ಮದುವೆಯಲ್ಲಿ ಬೀಗರಿಗೆ ಕಾಯುವಂತೆ ಕುಳಿತಿದ್ದ. ಮಂಜುಳಾ ವಿನಯದಿಂದ, "ಅಜ್ಜಾರ, ನಿಮಗ ನಳದ ನೀರ ಯಾವ ವೇಳೆಕ್ಕ ಬಂದ್ರ ಅನುಕೂಲ?" ಎಂದು ಕೇಳಿದಳು.

"ಕಾಡ್ಯಾ ಏನ ಹೇಳ್ಯಾನ?"

"ಅದನ್ನ ಹೇಳೂ ಹಂಗಿಲ್ರಿ ಅಜ್ಜಾರ. ಗುಪ್ತ ಇಡಬೇಕ್ರಿ."

ಸಂಗಪ್ಪ ಮೀಸೆ ತಿರುವಿದ. ವೈರಿಯ ಮನಸ್ಸಿನೊಳಗೆ ಹೊಕ್ಕು ನೋಡಿದ. "ಅಂವ ಮುಂಜಾನೆ ಅಂದಿರ್ತಾನ. ನಮಗ ಸಂಜೀಕ ಬೇಕು. ಬರ್ಕೊ."

ಒಳಗಿಂದ ಕೆಂಚವ್ವ ಧಡಧಡ ಹೊರಗೆ ಬಂದಳು. "ಸಂಜೀಕ ನೀರ ಬಂದ್ರ ನಾ ಎಮ್ಮಿ ಹಿಂಡಲ್ಯೋ, ನೀರ ತುಂಬಲ್ಯೋ? ಕೊಡಾ ನೀವ ಹೊರತೀರೇನು? ಮುಂಜಾನೆ ಆರಕ್ಕ ಅಂತ ಬರಿಯವಾ ತಂಗಿ."

"ಆರಕ್ಕ ಬರಿ," ಎಂದ ಸಂಗಪ್ಪ, ತಾನೇ ಹೇಳಿದವನಂತೆ.

ಅಲ್ಲಿಂದ ಇಡೀ ಊರು. ಗುರುವಾರ ಬಿಟ್ಟ ಮನೆಯವರೆಲ್ಲ ಕಾಯ್ದುಕೊಂಡು ಕುಳಿತಿದ್ದರು. ಕೆಲವರು ನೀರಿನ ಜೊತೆಗೆ ಪಿಂಚಣಿ, ರಸ್ತೆ, ಮಗನ ಮದುವೆ ಎಲ್ಲ ಹೇಳಿಕೊಂಡರು. ಪ್ರತಿ ಮನೆಯಲ್ಲೂ ಚಹಾ. ಸಂಜೆಗೆ ಹುಡುಗರು ಹೊಟ್ಟೆ ಹಿಡಿದುಕೊಂಡು ನಡೆಯುತ್ತಿದ್ದರು. ಆದರೆ ಊರಿನ ಮುಖ ತಿಳಿಯಾಗಿತ್ತು. ಕೆಂಚವ್ವ ನಮ್ಮೆಲ್ಲರಿಗೂ ಹೋಳಿಗೆ ಬಡಿಸಿದಳು, ಅಳಿಯನಿಗೆ ತುಪ್ಪ ಎರಡು ಸಲ ಸುರಿದಳು. ಅಂದಾನೆಪ್ಪ ಕೂಸನ್ನು ಎತ್ತಿಕೊಂಡು ಪಡಸಾಲೆಯಲ್ಲಿ ಓಡಾಡಿದ. ಕೂಸು ಅವನ ಮೂಗು ಹಿಡಿದು ಎಳೆಯಿತು. ಅವನ ಕಣ್ಣಲ್ಲಿ ನೀರು ಬಂತು, ಮೂಗು ನೋವಾಗಿ ಅಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ.

ಸೋಮವಾರ ಗಾಡಿ ತೆಗೆದುಕೊಂಡು ಹೋದೆವು. ಸಂಗಪ್ಪ ಮಾಡಿಸಿದ್ದ ಸಾಗವಾನಿ ತೊಟ್ಟಿಲನ್ನು ನಾಲ್ಕು ಜನ ಹೊತ್ತು ಗಾಡಿಯ ಮೇಲೇರಿಸಿ ಹಗ್ಗ ಕಟ್ಟಿದರು. ಶೇಂಗಾದ ಚೀಲ, ಕಟಕ ರೊಟ್ಟಿಯ ಗಂಟು, ಕೂಸಿಗೆ ಕುಂಚಿಗೆ. ಶೈಲಜಾ ಅವ್ವನನ್ನು ತಬ್ಬಿಕೊಂಡು ಅತ್ತು, ಕಣ್ಣೊರೆಸಿಕೊಂಡು ಗಾಡಿಯ ಹತ್ತಿರ ಬಂದಳು. ಸಂಗಪ್ಪ ಅಳಿಯನ ಹೆಗಲಿಗೆ ಹೊಸ ಟವೆಲ್ಲು ಹಾಕಿದ. ಓಣಿಯ ಹೆಣ್ಣುಮಕ್ಕಳು ಆರತಿ ತಂದರು. ಅಷ್ಟರಲ್ಲಿ ಅಂದಾನೆಪ್ಪನ ಮೊಬೈಲು ಟಣ್ ಎಂದಿತು. ಮಂಜುಳಾ ಹಿಂದಿನ ದಿನದ್ದೆಲ್ಲ ಕೂಡಿಸಿ ಕಳಿಸಿದ್ದಳು.

ಅವನು ನೋಡಿದ. ಮತ್ತೊಮ್ಮೆ ನೋಡಿದ. ಆಮೇಲೆ ಗಾಡಿಯ ಬಾನೆಟ್ಟು ಬಡಿದು ಕುಣಿದೇಬಿಟ್ಟ.

"ಬಂತು ನೋಡ್ರಿ! ಮಾವಾರ, ಬಂತು! ಗುರುವಾರ ಏಳಕ್ಕೊಂದ ಮನಿ ಕೇಳಿದಾಗ ಏನ ಬಂದಿತ್ತು? ಮುಂಜಾನೆ ಆರು! ನಿನ್ನೆ ಇಡೀ ಊರ ಕೇಳಿದ್ರ ಏನ ಬಂತು? ಅದ ಮುಂಜಾನೆ ಆರು! ಕೂದಲೆಳೆ ಫರಕಿಲ್ರಿ! ಸಂಖ್ಯಾಶಾಸ್ತ್ರ ಗೆದ್ದತ್ರಿ!"

ನಾನು ಅವನ ಅಂಗಿ ಹಿಡಿದು ಜಗ್ಗಿದೆ. ತಡವಾಗಿತ್ತು.

ಸಂಗಪ್ಪ ಬಹಳ ಶಾಂತವಾಗಿ ಕೇಳಿದ. "ಅಂದ್ರ ಅಳ್ಯಾರ, ನನ್ನ ಕೇಳಿದ್ರೂ ಅಷ್ಟ, ಬಿಟ್ರೂ ಅಷ್ಟ."

"ಹೌದ್ರಿ ಮಾವಾರ! ಈಗ ಬರೋಬ್ಬರಿ ತಿಳ್ಕೊಂಡ್ರಿ ನೋಡ್ರಿ!" ಎಂದ ಅಂದಾನೆಪ್ಪ, ಜಾಣ ವಿದ್ಯಾರ್ಥಿ ಸಿಕ್ಕ ಸಂತೋಷದಲ್ಲಿ.

"ಏ, ತೊಟ್ಟಲಾ ಇಳಸ್ರೋ!"

ನಾಲ್ಕು ಜನ ಹಗ್ಗ ಬಿಚ್ಚಿದರು. ತೊಟ್ಟಿಲು ಇಳಿಯಿತು. ಶೇಂಗಾದ ಚೀಲ ಇಳಿಯಿತು. ಆರತಿಯವರು ತಟ್ಟೆ ಹಿಡಿದು ಯಾವ ಕಡೆ ತಿರುಗಬೇಕೆಂದು ತಿಳಿಯದೆ ನಿಂತರು. ಉಳವಪ್ಪನಿಗೆ ಫೋನ್ ಹಚ್ಚಿ ಎಂದು ಒಬ್ಬರು, ಇನ್ನೊಮ್ಮೆ ಕೂಡಿ ಕುಂದ್ರೋಣ ಎಂದು ಇನ್ನೊಬ್ಬರು. ಮಾವ ಒಂದು ಕಡೆ ಮುಖ ಮಾಡಿ ನಿಂತ, ಅಳಿಯ ಮೊಬೈಲು ಹಿಡಿದು ಇನ್ನೊಂದು ಕಡೆ. "ಹೇಳ್ರಿ ಸರ್, ನಾ ಏನ ತಪ್ಪ ಹೇಳ್ದೆ?" ಎಂದು ನನ್ನನ್ನೇ ಕೇಳಿದ.

ಆಗ ಶೈಲಜಾ ಮಾತಾಡಿದಳು. ಅಷ್ಟು ದಿನಗಳಲ್ಲಿ ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

"ಯಪ್ಪಾ, ಇಡೀ ಊರಾಗ ಒಂದ ಬಾಗಲಾ ಬಿಡದಂಗ ಕೇಳಿದ್ರಿ. ನೀರ ಯಾವಾಗ ಬೇಕು ಅಂತ ಮುದುಕರ್ನ ಕೇಳಿದ್ರಿ, ಕುಡುಕರ್ನ ಕೇಳಿದ್ರಿ. ನೀ ಕಳಸಂಗಿಲ್ಲ ಅಂದಿ, ಇವರು ಕಳಸ್ರಿ ಅಂದ್ರು, ಉಳವಪ್ಪ ಮಾವ ನ್ಯಾಯಾ ಮಾಡಿದ್ರು. ಹೋಗತೀಯೇನ ಇರತೀಯೇನ ಅಂತ ನನ್ನ ಯಾರ ಕೇಳೀರಿ?"

ಆರತಿ ಹಿಡಿದ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ಕೂಡ ಕೇಳಿರಲಿಲ್ಲ, ಕೇಳಬೇಕೆಂದು ಹೊಳೆದೂ ಇರಲಿಲ್ಲ. ಸಂಗಪ್ಪ ಇಳಿಸಿಟ್ಟ ತೊಟ್ಟಿಲಿನ ಕಡೆ ನೋಡಿದ. ಅಂದಾನೆಪ್ಪ ಮೊಬೈಲನ್ನು ಕಿಸೆಗೆ ಹಾಕಿದ. ಅವನ ಜೀವನದಲ್ಲಿ ಅದೊಂದೇ ಪ್ರಶ್ನೆಯನ್ನು ಅವನು ಯಾವ ಶಾಸ್ತ್ರವೂ ಇಲ್ಲದೆ ಕೇಳಿದ್ದು.

"ಶೈಲಾ, ಬರತೀಯೇನ?"

"ಬರತೇನ್ರಿ. ತೊಟ್ಟಲಾ ಇಲ್ಲೇ ಇರ್ಲಿ, ನನ್ನ ಹಳೇ ಸೀರೀದು ಜೋಲಿ ಕಟ್ತೇನಿ. ಗಾಡಿ ಹೊಂಡಸ್ರಿ."

ಅವಳು ಕೂಸನ್ನು ಅವುಚಿಕೊಂಡು ತಾನೇ ಬಾಗಿಲು ತೆಗೆದು ಹತ್ತಿ ಕುಳಿತಳು. ಡ್ರೈವರ್ ಯಾರ ಮುಖ ನೋಡಬೇಕೆಂದು ತಿಳಿಯದೆ ಅವಳ ಮುಖವನ್ನೇ ನೋಡಿ ಗಾಡಿ ಚಾಲೂ ಮಾಡಿದ. ಕೆಂಚವ್ವ ಗಂಡನ ಕಡೆಗೆ ತಿರುಗಿ ಒಂದೇ ಮಾತು ಅಂದಳು: "ಕೂಸಿನ ತೊಟ್ಟಲಾ ಇಟ್ಕೊಂಡು ನೀವ ಮಲ್ಕೋತೀರೇನು?" ಸಂಗಪ್ಪ ರುಮಾಲು ಬಿಚ್ಚಿ ಹೆಗಲಿಗೆ ಹಾಕಿಕೊಂಡು ಬಗ್ಗಿ, ತೊಟ್ಟಿಲಿನ ಒಂದು ಕಾಲು ಹಿಡಿದ. ನಾಲ್ಕು ಜನ ಮತ್ತೆ ಬಂದರು. ಹಗ್ಗವನ್ನು ಈ ಸಲ ಅವನೇ ಕಟ್ಟಿದ. ಗಂಟು ಹಾಕುವಾಗ ಮೊಮ್ಮಗಳ ಕಡೆ ನೋಡಿದ, ಕಣ್ಣು ತುಂಬಿ ಗಂಟು ಸರಿಯಾಗಿ ಕೂಡದೆ ಮತ್ತೆ ಬಿಚ್ಚಿ ಕಟ್ಟಿದ.

ಗಾಡಿ ಊರು ದಾಟಿ ಬೈಲಹೊಂಗಲದ ರಸ್ತೆ ಹಿಡಿಯಿತು. ಅಂದಾನೆಪ್ಪನ ತುಟಿ ಅಲುಗಾಡುತ್ತಿದ್ದುದನ್ನು ನಾನು ಮುಂದಿನ ಸೀಟಿನಿಂದ ಕನ್ನಡಿಯಲ್ಲಿ ನೋಡುತ್ತಿದ್ದೆ. ಕೊನೆಗೆ ತಡೆಯಲಾರದೆ ಅವನು ಶುರು ಮಾಡಿದ.

"ಆದ್ರೂ ಶೈಲಾ, ಲೆಕ್ಕ ಮಾತ್ರ ಬರೋಬ್ಬರಿ..."

"ಕೂಸು ಮಲಗೇತಿ, ಸುಮ್ನ ಕುಂದರ್ರಿ," ಎಂದಳು ಶೈಲಜಾ.

ಅವನು ಸುಮ್ಮನೆ ಕುಳಿತ.